ನಾಲ್ಕನೇ ನಂಬರಿನ ಕಂಪ್ಯೂಟರು

ಆರನೇ ಕಂತು

"ಅದನ್ನ ಮುಟ್ಟಬೇಡಿ ಮೇಡಂ, ಅದು ನನ್ನದು," ಎಂದ ದೊಡ್ಡಳಿಯ.

ತೂಕದಮ್ಮ ಆಗಲೇ ಮುಟ್ಟಿಯಾಗಿತ್ತು. ಮೇಜಿನ ಮೇಲಿದ್ದ ಕಂಪ್ಯೂಟರಿನ ಪೆಟ್ಟಿಗೆಗೆ ಅಂಗೈ ಒತ್ತಿ, ಮಲಗಿದ ಎಮ್ಮೆಗೆ ಜ್ವರವಿದೆಯೇ ಎಂದು ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಂತಿದ್ದಳು. ಬೆಳಗಿನಿಂದ ಬಿಡುವಿಲ್ಲದೆ ದುಡಿಯುತ್ತಿದೆ ಎಂದು ಅದರ ಒಡೆಯ ಈಗಷ್ಟೇ ಹೇಳಿದ್ದ. ಪೆಟ್ಟಿಗೆ ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು.

"ಇದರಲ್ಲಿ ಏನು ಕೆಲಸ ಮಾಡ್ತೀರಿ?"

"ಎಲ್ಲಾ."

"ಎಲ್ಲಾ ಅಂದ್ರೆ?"

"ಅಂದ್ರೆ... ಮೇಲುಸ್ತುವಾರಿ."

ಪರದೆಯ ಮೇಲೆ ಇಸ್ಪೀಟಿನ ಎಲೆಗಳು ಅರ್ಧ ಜೋಡಿಸಿಕೊಂಡು ನಿಂತಿದ್ದವು. ಕೆಂಪು ರಾಣಿಯ ಮೇಲೆ ಕಪ್ಪು ಗುಲಾಮ ಕೂರಲು ಜಾಗವಿತ್ತು. ಮೇಲುಸ್ತುವಾರಿಯವನಿಗೆ ಅದು ಕಂಡಿರಲಿಲ್ಲ. ತೂಕದಮ್ಮ ಬೆರಳಿನಿಂದ ಆ ಜಾಗ ತೋರಿಸಿ ಮುಂದಿನ ಮೇಜಿಗೆ ಹೋದಳು.

ಮಧ್ಯಾಹ್ನ ಎರಡು ಗಂಟೆ. ಮೊಳಕೆಯ ಲೆಕ್ಕದಲ್ಲಿ ನೂರಕ್ಕೆ ನಲವತ್ತೊಂದು ಇದ್ದದ್ದು ತೊಂಬತ್ತೊಂದಾಗಿ, ಆ ಬೀಜ ಬಿತ್ತಿದ ಮುನ್ನೂರು ಮನೆಯವರ ಹೊಲದಲ್ಲಿ ಕಳೆ ಬಿಟ್ಟು ಬೇರೇನೂ ಏಳದೆ ಹೋಗಿ ಎರಡು ತಿಂಗಳಾಗಿತ್ತು. ನಾಲ್ಕಕ್ಕೆ ಸರಕಾರದ ಅಧಿಕಾರಿಗಳು ಬರುತ್ತಾರೆ. ಬಂದಾಗ, ಬೀಜದ ಮೊಳಕೆ ಎಣಿಸಿ ಲೆಕ್ಕ ಬರೆಯುವ ಮೊಳಕೆಯಕ್ಕನನ್ನು ಅವರ ಜೀಪಿಗೆ ಹತ್ತಿಸಿ ಕಳಿಸುವುದೆಂದು ಬೀಜದ ಕಂಪನಿಯ ಇಬ್ಬರು ಅಳಿಯಂದಿರೂ ನಿರ್ಧರಿಸಿಬಿಟ್ಟಿದ್ದರು. ಅದಕ್ಕೆ ಬೇಕಾಗಿದ್ದದ್ದು ತೂಕದಮ್ಮನ ಒಂದು ಪುಟದ ವರದಿ ಮಾತ್ರ.

ಮೂವತ್ತು ವರ್ಷ ಸಂತೆ ಸಂತೆ ತಿರುಗಿ ತಕ್ಕಡಿ ಪರೀಕ್ಷೆ ಮಾಡಿದ ಹೆಂಗಸು ಅವಳು. ತಟ್ಟೆಯ ತಳಕ್ಕೆ ಅಂಟಿಸಿದ ಮೇಣವನ್ನು ಮೂಗಿನಿಂದಲೇ ಹಿಡಿಯುತ್ತಿದ್ದಳು. ನಿವೃತ್ತಿಯಾದ ಮೇಲೂ ಇಂಥ ಕೆಲಸಕ್ಕೆ ಜನ ಕರೆಯುತ್ತಿದ್ದರು. ಇಲ್ಲಿಗೆ ಕರೆಸಿದವಳು ಕಂಪನಿಯ ಯಜಮಾನಿ, ಈ ಅಳಿಯಂದಿರ ಅತ್ತೆ. ಗೋದಾಮಿನ ಹಿಂದಿನ ಮನೆಯಲ್ಲಿ ಇರುವ ಅವಳು ಮಹಡಿ ಹತ್ತುವುದು ಅಪರೂಪ.

ಮಹಡಿಯ ಹಜಾರದಲ್ಲಿ ಒಂದರ ಹಿಂದೊಂದು ನಾಲ್ಕು ಮೇಜುಗಳು. ದೊಡ್ಡ ಕಿಟಕಿಯ ಬಳಿ ಒಂದನೇ ನಂಬರು, ದೊಡ್ಡಳಿಯನದು. ಅದರ ಹಿಂದೆ ಎರಡನೆಯದು, ಚಿಕ್ಕಳಿಯನದು. ಮೂರನೆಯದು ಉಗ್ರಾಣದವನದು. ನಾಲ್ಕನೆಯದು ಮೆಟ್ಟಿಲ ಬಾಗಿಲಿಗೆ ತಾಗಿಕೊಂಡಿತ್ತು. ಬಾಗಿಲು ತೆಗೆದವರ ಮೊಣಕೈ ಅಲ್ಲಿ ಕೂತವರ ತಲೆಗೆ ಬಡಿಯುತ್ತಿತ್ತು. ಅದು ಮೊಳಕೆಯಕ್ಕನದು.

ತೂಕದಮ್ಮನ ಹಿಂದೆ ಹಿಂದೆಯೇ ಕಂಪ್ಯೂಟರ್ ರಿಪೇರಿಯವನು ಬರುತ್ತಿದ್ದ. ಇಡೀ ಕಚೇರಿಯಲ್ಲಿ ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಕೊಡುವ ಒಬ್ಬನೇ ಮನುಷ್ಯ.

"ಯಾವ ಸಿಸ್ಟಮ್ ಯಾರಿಗೆ ಅಂತ ಹೇಗಪ್ಪ ತೀರ್ಮಾನ ಮಾಡ್ತೀರಿ?"

"ನಾನೆಲ್ಲಿ ಮಾಡ್ತೀನಮ್ಮ. ಹೊಸದು ಬಂದ್ರೆ ದೊಡ್ಡವರಿಗೆ. ದೊಡ್ಡವರ ಹಳೇದು ಚಿಕ್ಕವರಿಗೆ. ಅವರದು ಉಗ್ರಾಣಕ್ಕೆ. ಉಗ್ರಾಣದ್ದು ಅಕ್ಕನಿಗೆ. ಅಕ್ಕನದು ಗುಜರಿಗೆ."

"ಎಷ್ಟು ವರ್ಷಕ್ಕೊಮ್ಮೆ?"

"ಮೂರು."

ತೂಕದಮ್ಮ ಮನಸ್ಸಿನಲ್ಲೇ ಕೂಡಿಸಿದಳು. ಮೊಳಕೆಯಕ್ಕನ ಮೇಜಿಗೆ ಬರುವ ಹೊತ್ತಿಗೆ ಪ್ರತಿ ಕಂಪ್ಯೂಟರಿಗೂ ಒಂಬತ್ತು ವರ್ಷ. ಅಲ್ಲಿಂದ ಹೋಗುವಾಗ ಹನ್ನೆರಡು. ಅಣ್ಣನ ಅಂಗಿ ತಮ್ಮನಿಗೆ, ತಮ್ಮನದು ಅವನ ತಮ್ಮನಿಗೆ, ಕೊನೆಗೆ ಒಲೆಯ ಮಸಿಬಟ್ಟೆಗೆ.

"ಯಾರಿಗೆ ಏನು ಕೆಲಸ ಅಂತ ನೋಡಿ ಕೊಡಲ್ವಾ?" ಎಂದು ದೊಡ್ಡಳಿಯನ ಕಡೆ ತಿರುಗಿ ಕೇಳಿದಳು.

"ನೋಡಿಯೇ ಕೊಡೋದು ಮೇಡಂ. ಅವರವರ ಸ್ಥಾನ ನೋಡಿ."

"ಆ ಹೆಣ್ಣುಮಗಳು ದಿನಕ್ಕೆ ನಾನ್ನೂರು ಬೀಜದ ಚಿತ್ರ ತೆಗೆದು, ದೊಡ್ಡದು ಮಾಡಿ, ಬೇರು ಚಿಗುರು ಬೇರೆ ಬೇರೆ ಎಣಿಸಬೇಕು. ಒಂದು ಚಿತ್ರ ತೆರೆಯೋ ಹೊತ್ತಿಗೆ ಒಂದು ಲೋಟ ಕಾಫಿ ಕುಡಿದು ಲೋಟ ತೊಳೆದಿಡಬಹುದು. ನಿನ್ನೆ ನೋಡಿದೆ."

"ಕಾಫಿ ಕುಡೀಲಿ. ಬೇಡ ಅಂದವರು ಯಾರು?" ಎಂದ ಚಿಕ್ಕಳಿಯ ಎರಡನೇ ಮೇಜಿನಿಂದ. ತನ್ನ ಮಾತಿಗೆ ತಾನೇ ನಕ್ಕ. ದೊಡ್ಡಳಿಯ ನಗಲಿಲ್ಲ. ಷಡ್ಡಕನ ಮಾತಿಗೆ ನಕ್ಕರೆ ಸಮಾನನೆಂದು ಒಪ್ಪಿಕೊಂಡ ಹಾಗೆ ಎಂಬುದು ಅವನ ಹನ್ನೆರಡು ವರ್ಷದ ನಿಯಮ.

ಚಿಕ್ಕಳಿಯನ ಪರದೆಯ ತುಂಬ ಕಾರುಗಳಿದ್ದವು. ಅವನು ಒಂದನ್ನೂ ಕೊಳ್ಳುವವನಲ್ಲ. ಕೆಂಪು ಕಾರಿನ ಚಿತ್ರ ನೋಡುವುದಕ್ಕೂ ಮೂರು ವರ್ಷಕ್ಕೊಮ್ಮೆ ಬೇರೆ ಕಂಪ್ಯೂಟರು ಬೇಕು ಎನ್ನುವವನನ್ನು ಅತ್ತೆ ಹೇಗೆ ಸಹಿಸುತ್ತಾಳೋ ಎಂದು ತೂಕದಮ್ಮನಿಗೆ ಅನ್ನಿಸಿತು. ಇವರಿಬ್ಬರನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿ ಕೂರಿಸಿದರೆ ಮುಳ್ಳು ಕದಲಲಿಕ್ಕಿಲ್ಲ.

ಅವಳು ಚೀಲದಿಂದ ಮಡಿಸಿದ ಒಂದು ಕಾಗದ ತೆಗೆದಳು. ಕಂಪನಿಯ ಲೆಕ್ಕದ ಯಂತ್ರ ತಾನಾಗಿಯೇ ಬರೆದಿಟ್ಟ ದಾಖಲೆ ಅದು. ಬೀಜದ ಚೀಲಗಳು ಲಾರಿ ಹತ್ತಿದ ದಿನ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಮುಸುಕಿನ ಜೋಳದ ಆ ರಾಶಿಯ ಲೆಕ್ಕ ನಲವತ್ತೊಂದರಿಂದ ತೊಂಬತ್ತೊಂದಕ್ಕೆ ತಿದ್ದಲಾಗಿದೆ. ತಿದ್ದಿದ್ದು ನಾಲ್ಕನೇ ನಂಬರಿನ ಕಂಪ್ಯೂಟರಿನಿಂದ. ಯಾರು ಎಂಬುದು ಅದರಲ್ಲಿರಲಿಲ್ಲ. ಈ ಕಚೇರಿಯಲ್ಲಿ ಎಲ್ಲರ ಪಾಸ್‌ವರ್ಡೂ ಒಂದೇ, ಕಂಪನಿಯ ಫೋನ್ ನಂಬರು. ಮರೆಯದಿರಲೆಂದು ಅದನ್ನು ಗೋಡೆಗೆ ಬರೆಸಿದ್ದರು.

ಆರೋಪ ಹೊತ್ತವಳಿಗೆ ಆ ಕಾಗದ ತೋರಿಸಕೂಡದೆಂದು ದೊಡ್ಡಳಿಯ ಮೊದಲ ದಿನವೇ ಹೇಳಿದ್ದ. ಆಯಿತು ಎಂದು ತೂಕದಮ್ಮನೂ ಒಪ್ಪಿದ್ದಳು.

"ಆ ದಿನ ಯಾವ ದಿನ ಅಂತ ಗೊತ್ತೇನಪ್ಪ?" ಎಂದು ರಿಪೇರಿಯವನನ್ನು ಕೇಳಿದಳು.

"ಗೊತ್ತಮ್ಮ. ಸಿಸ್ಟಮ್ ಇಳಿಸಿದ ದಿನ."

"ಇಳಿಸೋದು ಹೇಗೆ? ನಿಧಾನಕ್ಕೆ ಹೇಳು. ಇವರಿಗೂ ಅರ್ಥ ಆಗಲಿ."

"ಮೊದಲು ಹೆಸರು ಬದಲಾಯಿಸ್ತೀನಮ್ಮ. ಕೆಳಗೆ ನನ್ನ ಜಾಗದಲ್ಲಿ ಕೂತೇ ಮಾಡಬಹುದು. ಒಂದನೆಯದಕ್ಕೆ ಎರಡು ಅಂತ ಹೆಸರು, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ನಾಲ್ಕು. ನಾಲ್ಕನೆಯದಕ್ಕೆ ಗುಜರಿ. ಅವತ್ತು ಒಂಬತ್ತಕ್ಕೆಲ್ಲ ಅಷ್ಟು ಮುಗಿಸಿದ್ದೆ. ಆಮೇಲೆ ಪೆಟ್ಟಿಗೆ ಹೊತ್ತು ಅದದರ ಮೇಜಿಗೆ ಇಡೋದು."

"ಹೊತ್ತದ್ದು ಎಷ್ಟು ಹೊತ್ತಿಗೆ?"

ರಿಪೇರಿಯವನು ದೊಡ್ಡಳಿಯನನ್ನು ನೋಡಿ, ನೆಲ ನೋಡಿದ. "ಸಂಜೆ ಐದಕ್ಕೆ. ಮೊದಲು ಒಂದನೆಯದು ಎತ್ತಬೇಕಲ್ಲ. ದೊಡ್ಡವರು ಎದ್ದಿರಲಿಲ್ಲ."

"ಯಾಕೆ?"

"ಆಟ ಮುಗಿದಿರಲಿಲ್ಲ."

ತೂಕದಮ್ಮ ನಾಲ್ಕನೇ ಮೇಜಿನಿಂದ ಮೂರನೇ ಮೇಜಿಗೆ ನಡೆದು ಬಂದು, ಉಗ್ರಾಣದವನ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು.

"ಹಾಗಾದ್ರೆ ಅವತ್ತು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಾಲ್ಕನೇ ನಂಬರು ಅಂತ ಹೆಸರಿದ್ದ ಕಂಪ್ಯೂಟರು ಇದ್ದದ್ದು ಇಲ್ಲಿ. ಆ ಹೆಣ್ಣುಮಗಳ ಮೇಜಿನ ಮೇಲಲ್ಲ. ಅವಳ ಮುಂದೆ ಇದ್ದದ್ದಕ್ಕೆ ಗುಜರಿ ಅಂತ ಹೆಸರಾಗಿತ್ತು. ಹೌದೋ ಅಲ್ಲವೋ?"

"ಹೌದಮ್ಮ," ಎಂದ ರಿಪೇರಿಯವನು.

"ನಾನು ಅವತ್ತು ಬೆಳಿಗ್ಗೆಯಿಂದ ಕೆಳಗೆ ಲಾರಿ ಹತ್ತಿರ ಇದ್ದೆ," ಎಂದ ಉಗ್ರಾಣದವನು ಯಾರೂ ಕೇಳದಿದ್ದರೂ. "ಹದಿನಾರು ಜನ ಹಮಾಲರು ನೋಡಿದ್ದಾರೆ."

"ಗೊತ್ತು. ಅವರನ್ನ ಕೇಳಿಯೇ ಮೇಲೆ ಬಂದಿದ್ದೀನಿ. ನಿಮ್ಮ ಕುರ್ಚಿ ಖಾಲಿ ಇತ್ತು." ಅವಳು ಎರಡನೇ ಮೇಜಿನ ಕಡೆ ತಿರುಗಿದಳು. "ಖಾಲಿ ಕುರ್ಚಿಗೆ ಒಂದೇ ಮಾರು ದೂರದಲ್ಲಿ ಕೂತಿದ್ದವರು ಯಾರು? ಜೋಳದ ಚೀಲ ಅವತ್ತೇ ಹೊರಡಬೇಕು ಅಂತ ಹಟ ಹಿಡಿದು ಲಾರಿ ತರಿಸಿದವರು ಯಾರು?"

ಚಿಕ್ಕಳಿಯ ಕಾರುಗಳ ಚಿತ್ರವನ್ನು ಮುಚ್ಚಿದ. ಈಗ ಪರದೆಯ ಮೇಲೆ ಅವನದೇ ಮುಖದ ದೊಡ್ಡ ಫೋಟೋ ಬಂತು. ಅದಕ್ಕೆ ಏನು ಮಾಡಬೇಕೆಂದು ತಿಳಿಯದೆ ಅದನ್ನೇ ನೋಡುತ್ತ ಕೂತ.

"ಇವನು ಮೊದಲಿಂದಲೂ ಹಾಗೇ ಮೇಡಂ," ಎಂದ ದೊಡ್ಡಳಿಯ. ದನಿಯಲ್ಲಿ ಹಬ್ಬದ ಕಳೆ ಬಂದಿತ್ತು. "ಮದುವೆ ಮಾತುಕತೆ ದಿನವೇ ಅತ್ತೆಗೆ ಹೇಳಿದ್ದೆ. ಈ ಹುಡುಗನ ಕಣ್ಣು ಸರಿ ಇಲ್ಲ ಅಂತ."

"ಭಾವ, ನೀವು ಸುಮ್ಮನಿರಿ."

"ನಾನ್ಯಾಕೆ ಸುಮ್ಮನಿರಲಿ? ತಿದ್ದೋ ಕೆಲಸ ನನಗೆ ಬರಲ್ಲಪ್ಪ."

"ನಿಮಗೆ ಯಾವ ಕೆಲಸ ಬರುತ್ತೆ?"

ಈ ಕಂಪನಿಯಲ್ಲಿ ಹನ್ನೆರಡು ವರ್ಷದಲ್ಲಿ ಯಾರಾದರೂ ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದೇ ಇರಬೇಕು ಎಂದುಕೊಂಡಳು ತೂಕದಮ್ಮ. ಬೆವೆತ ಹಣೆ, ತಪ್ಪಿಸುವ ಕಣ್ಣು, ಒಬ್ಬರ ಮೇಲೊಬ್ಬರು ಹೇರುವ ಮಾತು. ಸಂತೆಯಲ್ಲಿ ಇಂಥವರನ್ನು ಸಾವಿರ ನೋಡಿದ್ದಳು. ವರದಿಯ ಮೊದಲ ಸಾಲು ಅವಳ ತಲೆಯಲ್ಲಿ ಆಗಲೇ ತಯಾರಾಗಿತ್ತು.

ಚಿಕ್ಕಳಿಯ ಎದ್ದು ಬಂದು ಅವಳ ಕೈಯಿಂದ ಕಾಗದ ಕಿತ್ತುಕೊಂಡ. ಓದುವುದು ಅವನಿಗೆ ರೂಢಿ ಇರಲಿಲ್ಲ. ತುಟಿ ಅಲ್ಲಾಡಿಸುತ್ತ, ಬೆರಳಿಟ್ಟು ಓದಿದ. ಓದುತ್ತ ಓದುತ್ತ ತುಟಿ ನಿಂತಿತು.

"ಮೇಲಿನ ಸಾಲು ನೋಡಿದ್ದೀರಾ ಮೇಡಂ?"

"ಯಾವುದು?"

"ಹತ್ತು ನಲವತ್ತಕ್ಕೆ, ನಲವತ್ತೊಂದು ಅಂತ ಮೊದಲು ಬರೆದದ್ದು. ಅದೂ ನಾಲ್ಕನೇ ನಂಬರಿನಿಂದಲೇ. ಅಂದ್ರೆ ಅದೂ ಇದೇ ಮೇಜಿನಿಂದ." ಅವನು ತಲೆ ಎತ್ತಿದ. "ಮೊಳಕೆ ಎಣಿಸಿ ಬರೆಯೋದು ನನಗೆ ಬರುತ್ತಾ? ಭಾವನಿಗೆ ಬರುತ್ತಾ? ಅದನ್ನ ಬರೆದವಳು ಅವಳೇ ತಾನೇ? ಹಾಗಾದ್ರೆ ಅವತ್ತು ಇಲ್ಲಿ ಕೂತಿದ್ದವಳು ಯಾರು?"

ತೂಕದಮ್ಮ ಕಾಗದ ತೆಗೆದುಕೊಂಡು ನೋಡಿದಳು. ಆ ಸಾಲನ್ನು ಹತ್ತು ಸಲ ಓದಿದ್ದಳು. ತಿದ್ದಿದ್ದು ಎಲ್ಲಿಂದ ಎಂದು ಹುಡುಕಿದವಳು ಬರೆದದ್ದು ಎಲ್ಲಿಂದ ಎಂದು ನೋಡಿರಲಿಲ್ಲ. ಇಬ್ಬರು ದಡ್ಡರನ್ನು ದಡ್ಡರೆಂದು ಕಂಡುಕೊಂಡ ಖುಷಿಯಲ್ಲಿ ಕಣ್ಣು ಅಷ್ಟಕ್ಕೇ ನಿಂತಿತ್ತು. ಆ ಇಬ್ಬರಲ್ಲಿ ಹೆಚ್ಚು ದಡ್ಡನಾದವನು ಈಗ ಅವಳ ಮುಂದೆ ಹಲ್ಲು ಬಿಟ್ಟು ನಿಂತಿದ್ದ.

"ಅವಳನ್ನ ಕರೀರಿ," ಎಂದಳು.

ಮೊಳಕೆಯಕ್ಕ ಕೆಳಗಿನ ಪರೀಕ್ಷೆಯ ಕೋಣೆಯಿಂದ ಬಂದಳು. ನಲವತ್ತರ ಆಸುಪಾಸಿನ ಹೆಂಗಸು. ಒದ್ದೆ ಕಾಗದದ ಸುರುಳಿಗಳಲ್ಲಿ ಇಡೀ ದಿನ ಬೀಜ ಬಿಡಿಸಿ ಬೆರಳ ತುದಿಗಳು ನೆನೆದು ಬೆಳ್ಳಗಾಗಿದ್ದವು. ಬಾಗಿಲ ಬಳಿಯೇ ನಿಂತಳು. ಅವಳ ಇಬ್ಬರು ಮಕ್ಕಳು ಆ ಹೊತ್ತಿಗೆ ಶಾಲೆಯಲ್ಲಿದ್ದರು. ನಾಲ್ಕು ಗಂಟೆಗೆ ಏನಾಗುತ್ತದೆಂದು ಅವರಿಗಿನ್ನೂ ಹೇಳಿಲ್ಲ ಎಂದು ಬೆಳಿಗ್ಗೆ ತೂಕದಮ್ಮನ ಮುಂದೆ ಅಂದಿದ್ದಳು.

"ಆ ದಿನ ಬೆಳಿಗ್ಗೆ ನೀನು ಎಲ್ಲಿ ಕೂತಿದ್ದೆ ತಾಯಿ?"

"ಮೂರನೇ ಮೇಜಿನಲ್ಲಿ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲವಲ್ಲ ಅಮ್ಮ. ನನ್ನ ಸಿಸ್ಟಮ್ ಬಗ್ಗೆ ಕೇಳಿದ್ರಿ. ಅದರಲ್ಲಿ ನಾನು ಲೆಕ್ಕ ಬರೆದಿರಲಿಲ್ಲ. ಅದರಲ್ಲಿ ವರದಿ ಬರೆಯೋದು ತೆರೆಯುತ್ತಲೇ ಇರಲಿಲ್ಲ, ವಾರದಿಂದ. ಉಗ್ರಾಣದ್ದು ಖಾಲಿ ಇದೆ, ಅಲ್ಲಿ ಬರೀರಿ ಅಂತ ಇವನು ಹೇಳಿದ." ರಿಪೇರಿಯವನು ತಲೆಯಾಡಿಸಿದ.

"ಹನ್ನೊಂದು ಇಪ್ಪತ್ತಕ್ಕೂ ನೀನೇ ಇದ್ದೆಯಾ?"

"ಇದ್ದೆ."

"ಬರ್ಕೊಳ್ಳಿ ಮೇಡಂ," ಎಂದ ದೊಡ್ಡಳಿಯ.

ತೂಕದಮ್ಮ ಅವನ ಕಡೆ ನೋಡಲಿಲ್ಲ. ಕಾಗದವನ್ನು ಬಿಡಿಸಿ ಮೊಳಕೆಯಕ್ಕನ ಒದ್ದೆ ಕೈಗೆ ಕೊಟ್ಟಳು. ಮೂರು ದಿನದ ಹಿಂದೆಯೇ ಕೊಡಬೇಕಾಗಿದ್ದ ಕಾಗದ.

ಮೊಳಕೆಯಕ್ಕ ನಿಧಾನವಾಗಿ ಓದಿದಳು. ಇನ್ನೊಮ್ಮೆ ಓದಿದಳು. ಅವಳ ಮುಖದಲ್ಲಿ ಭಯ ಬರಲಿಲ್ಲ. ಲೆಕ್ಕ ತಪ್ಪಿದ ಮಗುವನ್ನು ನೋಡುವ ಮೇಷ್ಟರ ಬೇಸರ ಬಂತು.

"ಇದಕ್ಕಾ?" ಎಂದಳು. "ಇದಕ್ಕಾ ಇಷ್ಟೆಲ್ಲಾ?"

"ಹೇಳು."

"ಬೀಜ ಎರಡು ಸಲ ಎಣಿಸ್ತೀವಮ್ಮ. ಮೊದಲ ಎಣಿಕೆ ಬೇಗ ಎದ್ದವು ಎಷ್ಟು ಅಂತ. ಕೊನೆ ಎಣಿಕೆ ಏಳನೇ ದಿನ, ಒಟ್ಟು ಎದ್ದವು ಎಷ್ಟು ಅಂತ. ಈ ರಾಶಿಯಲ್ಲಿ ಮೊದಲ ಎಣಿಕೆ ನಲವತ್ತೊಂದು. ಕೊನೆಯದು ತೊಂಬತ್ತೊಂದು. ಎರಡೂ ಸರಿ. ನನ್ನ ಹಳೇ ಸಿಸ್ಟಮ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಖಾನೆ ಇತ್ತು. ಉಗ್ರಾಣದ್ದರಲ್ಲಿ ಮೊಳಕೆ ಅಂತ ಒಂದೇ ಖಾನೆ. ಅವರಿಗೆ ಅಷ್ಟು ಸಾಕು ಅಂತ ಹಾಗೆ ಮಾಡಿದ್ದು. ಬಾಕಿ ಇದ್ದ ಮೊದಲ ಎಣಿಕೆ ಅದರಲ್ಲಿ ಬರೆದೆ. ಕೆಳಗೆ ಹೋಗಿ ಕೊನೆಯದು ಎಣಿಸಿ ಬಂದೆ. ಎಲ್ಲಿ ಬರೀಲಿ ಅಂತ ಕೇಳಿದೆ."

"ಯಾರನ್ನ?"

"ಚಿಕ್ಕ ಯಜಮಾನ್ರನ್ನ. ಫೋನಲ್ಲಿ ಮಾತಾಡ್ತಿದ್ರು. ಅದರಲ್ಲೇ ಬರಿ ಅಂತ ಕೈ ಆಡಿಸಿದ್ರು."

ಚಿಕ್ಕಳಿಯನ ಹಲ್ಲು ಒಳಗೆ ಹೋದವು.

"ಲೆಕ್ಕ ತಿದ್ದಿದ್ದೀಯಾ ಅಂತ ಇವರು ಕೇಳಿದಾಗ ಇಲ್ಲ ಅಂದೆ. ತಿದ್ದಿಲ್ಲವಲ್ಲ. ಯಾವ ಲೆಕ್ಕ, ಎಷ್ಟಿದ್ದದ್ದು ಎಷ್ಟಾಗಿದೆ ಅಂತ ಯಾರೂ ಹೇಳಲಿಲ್ಲ." ತೂಕದಮ್ಮನ ಕಡೆ ತಿರುಗಿ ಹೇಳಿದಳು, "ನೀವೂ ಹೇಳಲಿಲ್ಲ."

ತೂಕದಮ್ಮ ಉಗ್ರಾಣದವನ ಕುರ್ಚಿಯಲ್ಲಿ ಕೂತುಕೊಂಡಳು. ಒಂದು ಖಾನೆ ಕಡಿಮೆ ಇದ್ದ ಕಂಪ್ಯೂಟರಿನ ಸುತ್ತ ಮೂರು ದಿನ ಗಾಣದೆತ್ತಿನ ಹಾಗೆ ತಿರುಗಿದ್ದಳು. ತಿದ್ದಿದವರು ಯಾರೂ ಇರಲಿಲ್ಲ.

ಹಾಗಿದ್ದರೆ ಹೊಲದಲ್ಲಿ ಏಳದೆ ಹೋದದ್ದು ಯಾವ ಬೀಜ?

"ತಾಯಿ, ನೀನು ಎಣಿಸಿದ ಬೀಜಕ್ಕೆ ನೂರಕ್ಕೆ ತೊಂಬತ್ತೊಂದು ಮೊಳಕೆ ಬಂದಿತ್ತು. ರೈತರ ಚೀಲದಲ್ಲಿದ್ದದ್ದಕ್ಕೆ ಹತ್ತೂ ಬರಲಿಲ್ಲ. ಅಂದ್ರೆ ಚೀಲಕ್ಕೆ ಹೋದದ್ದು ನೀನು ಎಣಿಸಿದ ರಾಶಿಯೇ ಅಲ್ಲ."

"ನಾನೂ ಅದನ್ನೇ ಹೇಳಬೇಕು ಅಂತಿದ್ದೆ. ಯಾರು ನಂಬ್ತಾರೆ?"

"ತೊಂಬತ್ತೊಂದು ಅನ್ನೋದಕ್ಕೆ ನಿನ್ನ ಹತ್ತಿರ ಏನಿದೆ?"

"ಚಿತ್ರಗಳಿವೆ. ನಾನ್ನೂರು ಮೊಳಕೆಯದೂ, ರಾಶಿಯ ಚೀಟಿ, ತಾರೀಖಿನ ಸಮೇತ. ನನ್ನ ಹಳೇ ಸಿಸ್ಟಮ್‌ನಲ್ಲಿ. ವರದಿ ತೆರೀತಿರಲಿಲ್ಲ, ಚಿತ್ರ ಇಡೋಕೆ ಆಗ್ತಿತ್ತು."

"ಹೊಸದಾಗಿ ಕೊಟ್ಟಿದ್ದಕ್ಕೆ ಅವನ್ನ ಹಾಕಿಲ್ವಾ?"

"ಜಾಗ ಸಾಲಲಿಲ್ಲಮ್ಮ," ಎಂದ ರಿಪೇರಿಯವನು. "ಉಗ್ರಾಣದ್ದು ಅಲ್ವಾ, ಚಿತ್ರ ತುಂಬೋಕೆ ಆದದ್ದಲ್ಲ. ಅದಕ್ಕೇ ಹಳೇದನ್ನ ಬಿಸಾಡಿಸದೆ ಮೆಟ್ಟಿಲ ಕೆಳಗೆ ಇಟ್ಟಿದ್ದೆ."

ಎಲ್ಲರೂ ಇಳಿದರು. ಮೆಟ್ಟಿಲ ಕೆಳಗೆ ಮುರಿದ ಕುರ್ಚಿಗಳು, ತಂತಿಯ ಗಂಟು, ಹರಿದ ಚೀಲಗಳು. ನಡುವೆ ನೆಲದ ಧೂಳಿನಲ್ಲಿ ಒಂದು ಚೌಕ, ಪೆಟ್ಟಿಗೆ ಕೂತಿದ್ದ ಜಾಗ, ಒರೆಸಿದ ಹಾಗೆ ಸ್ವಚ್ಛವಾಗಿತ್ತು.

"ನಿನ್ನೆ ಸಂಜೆ ಇತ್ತು," ಎಂದ ರಿಪೇರಿಯವನು. ಅವನ ದನಿ ಇಳಿಯಿತು.

"ಬೆಳಿಗ್ಗೆ ಗುಜರಿಯವನ ಗಾಡಿ ಬಂದಿತ್ತು," ಎಂದ ಉಗ್ರಾಣದವನು. "ಹಿಂದಿನ ಮನೆಯಿಂದ ಕರೆಸಿದ್ದು. ನಾನೇ ಗೇಟು ತೆಗೆಸಿದೆ."

ಕಂಪ್ಯೂಟರುಗಳ ವಿಷಯ ಕೆದಕುತ್ತಿದ್ದೇನೆ ಎಂದು ನಿನ್ನೆ ಸಂಜೆ ತೂಕದಮ್ಮ ಹೇಳಿದ್ದು ಒಬ್ಬರಿಗೆ ಮಾತ್ರ, ಆ ಹಿಂದಿನ ಮನೆಯಲ್ಲಿ.

"ಅಮ್ಮ, ಇನ್ನೊಂದಿದೆ," ಎಂದ ರಿಪೇರಿಯವನು. "ಬದಲಾಯಿಸೋಕೆ ಇನ್ನೂ ಒಂದು ವರ್ಷ ಇತ್ತು. ಪ್ರತಿ ಸಲ ದೊಡ್ಡವರು ಹೊಸದು ಬೇಕು ಅಂತ ಕೇಳ್ತಾರೆ, ಅಲ್ಲಿಂದ ಶುರು. ಈ ಸಲ ಯಾರೂ ಕೇಳಿರಲಿಲ್ಲ. ಮೊದಲು ಬಂದದ್ದೇ ಈ ಚೀಟಿ." ಜೇಬಿನ ಪುಸ್ತಕದಿಂದ ಒಂದು ಚೀಟಿ ತೆಗೆದುಕೊಟ್ಟ.

ನಾಲ್ಕನೇ ನಂಬರನ್ನು ಗುಜರಿಗೆ ಹಾಕಿ, ಉಳಿದವನ್ನು ಇಳಿಸಿ ಎಂದಿತ್ತು. ಕೊನೆಯ ಎಣಿಕೆಗೆ ಒಂದು ದಿನ ಮುಂಚಿನ ತಾರೀಖು. ಕೆಳಗೆ ಯಜಮಾನಿಯ ಸಹಿ.

"ಅತ್ತೆಗೆ ಕಂಪ್ಯೂಟರಿನ ತಲೆ ಬಾಲ ಗೊತ್ತಿಲ್ಲ," ಎಂದ ದೊಡ್ಡಳಿಯ. ಮೊದಲ ಬಾರಿಗೆ ಅವನ ಮುಖದಲ್ಲಿ ಯೋಚನೆಯಂಥದ್ದೇನೋ ಕಂಡಿತು.

"ಇಬ್ಬರಿಗೂ ಹೊಸದು ಬೇಕು ಅನ್ನೋ ಆಸೆ ಗೊತ್ತಲ್ಲ. ಚಿತ್ರವಿದ್ದ ಪೆಟ್ಟಿಗೆ ಗುಜರಿ ಸೇರೋಕೆ ಅಷ್ಟು ಸಾಕು," ಎಂದಳು ತೂಕದಮ್ಮ. "ಯಾಕೆ ಅಂತ ನೀವು ಕೇಳಿದ್ರಾ?"

ಇಬ್ಬರೂ ಕೇಳಿರಲಿಲ್ಲ. ಹೊಸದು ಬಂದಿತ್ತು; ಯಾಕೆ ಎಂದು ಕೇಳುವುದು ಅವರ ಮನೆತನದಲ್ಲಿರಲಿಲ್ಲ.

ಹಿತ್ತಿಲ ಕಡೆಯ ಬಾಗಿಲು ತೆರೆಯಿತು. ಯಜಮಾನಿ ತಾನೇ ಬಂದಿದ್ದಳು, ಒಬ್ಬಳೇ, ಬಿಳಿ ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡು. ಧೂಳಿನ ಚೌಕವನ್ನೂ ತೂಕದಮ್ಮನ ಕೈಯಲ್ಲಿದ್ದ ಚೀಟಿಯನ್ನೂ ನೋಡಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ನೇರ ಮೊಳಕೆಯಕ್ಕನ ಹತ್ತಿರ ಹೋಗಿ ಅವಳ ಒದ್ದೆ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು.

"ಇವಳನ್ನ ಬಿಡಿ ತೂಕದಮ್ಮ. ಇವಳು ಎಣಿಸೋದನ್ನ ಬಿಟ್ಟು ಬೇರೇನೂ ಮಾಡಿಲ್ಲ. ಇವಳಂಥವಳು ನನಗೆ ಇನ್ನೊಬ್ಬಳು ಸಿಗಲ್ಲ." ಆಮೇಲೆ ಅಳಿಯಂದಿರ ಕಡೆ, ಮಳಿಗೆಯಲ್ಲಿ ಬಹಳ ದಿನದಿಂದ ಮಾರಾಟವಾಗದೆ ಉಳಿದ ಸಾಮಾನು ನೋಡುವ ಹಾಗೆ ನೋಡಿದಳು. "ಅಧಿಕಾರಿಗಳಿಗೆ ಒಂದು ಹೆಸರು ಬೇಕು ತಾನೇ. ಇವರಿಬ್ಬರಲ್ಲಿ ಯಾವನದು ಬೇಕಾದರೂ ಬರೀರಿ. ನನಗೆ ಇಬ್ಬರೂ ಒಂದೇ."